ನೆಲಸಮವಾದ ರಂಜನಾಗೃಹಗಳು ಮತ್ತು ಸ್ಥಳೀಯ ಸ್ಮೃತಿ: ಬೆಂಗಳೂರಿನ ಎಲ್ಗಿನ್ ಹಾಗೂ ಮೆಜೆಸ್ಟಿಕ್

ಕರ್ನಾಟಕದ ಸ್ಥಳೀಯ ಇತಿಹಾಸ ರಚನೆಯಲ್ಲಿ ಶಾಸನ, ದೇವಾಲಯ, ಕೋಟೆ, ಕೆರೆಗಳಿಗೆ ದೊರೆತ ಸ್ಥಾನ ಇಪ್ಪತ್ತನೆಯ ಶತಮಾನದ ಸಾರ್ವಜನಿಕ ಕಟ್ಟಡಗಳಿಗೆ ದೊರೆತಿಲ್ಲ. ಅದರಲ್ಲಿಯೂ ನೃತ್ಯಶಾಲೆ, ನಾಟಕ ಮಂದಿರ, ಚಿತ್ರಮಂದಿರಗಳಂತಹ ರಂಜನಾಗೃಹಗಳು ಸಂಶೋಧಕರ ಗಮನಕ್ಕೆ ಬಂದದ್ದು ಬಹು ತಡವಾಗಿ. ಬಹುಮಟ್ಟಿಗೆ ಅವು ಕೆಡವಲ್ಪಟ್ಟ ನಂತರ. ಕಟ್ಟಡವಿದ್ದಾಗ ಅದರ ನಕ್ಷೆಯನ್ನು ಬರೆದುಕೊಂಡವರಿಲ್ಲ, ಕೆಡವಿದ ಮೇಲೆ ಅದರ ಬಗ್ಗೆ ನೆನಪುಗಳ ಮಹಾಪೂರ. ಈ ನೆನಪುಗಳನ್ನು ಆಕರಗಳೆಂದು ಎಷ್ಟರಮಟ್ಟಿಗೆ ಸ್ವೀಕರಿಸಬಹುದು, ಯಾವ ವಿಷಯದಲ್ಲಿ ಅವು ವಿಶ್ವಾಸಾರ್ಹ, ಯಾವ ವಿಷಯದಲ್ಲಿ ಅಲ್ಲ ಎಂಬುದನ್ನು ಬೆಂಗಳೂರಿನ ಎರಡು ಕಟ್ಟಡಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬೆಂಗಳೂರಿನ ವಿಷಯವನ್ನು ದೂರದ ಗುರುಮಠಕಲ್‌ನಿಂದ ಆರಂಭಿಸುವುದಕ್ಕೆ ಕಾರಣವಿದೆ. ಯಾದಗಿರಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಇಂದಿನ ತೆಲಂಗಾಣದ ಗಡಿಗೆ ತಾಗಿಕೊಂಡಿರುವ ಈ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ದೂರದ ಲೆಕ್ಕದಲ್ಲಿ ಇಲ್ಲಿಯವರಿಗೆ ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೊರಡುವ ಕುಟುಂಬಗಳ ಬಾಯಲ್ಲಿ ಹೈದರಾಬಾದು, ಮುಂಬಯಿಗಳ ಜೊತೆಗೆ ‘ಮೆಜೆಸ್ಟಿಕ್’ ಎಂಬ ಹೆಸರೂ ಇದೆ. ಬೆಂಗಳೂರಿಗೆ ಹೋಗುವ ಬಸ್ಸಿನ ಪ್ರಯಾಣ ಮುಗಿಯುವುದು ಅಲ್ಲಿ. ಕಟ್ಟಡ ಕೆಲಸದ ಜಾಡು ಆರಂಭವಾಗುವುದೂ ಅಲ್ಲಿಂದ. ಆ ಹೆಸರಿನದೊಂದು ಚಿತ್ರಮಂದಿರವಿತ್ತೆಂಬುದನ್ನು ಅರಿಯದೆಯೇ, ಅದರ ಪರದೆಯನ್ನು ಒಮ್ಮೆಯೂ ಕಾಣದೆಯೇ, ಸುಮಾರು ಐನೂರು ಕಿಲೋಮೀಟರ್ ಆಚೆಯ ಊರಿನವರು ಅದರ ಹೆಸರನ್ನು ಬಳಸುತ್ತಾರೆ. ಕೆಡವಿದ ಕಟ್ಟಡವೊಂದರ ಸ್ಮೃತಿ ಅದನ್ನು ಕಂಡವರಲ್ಲಿ ಮಾತ್ರ ಉಳಿಯುತ್ತದೆ ಎಂಬ ಸಾಮಾನ್ಯ ಗ್ರಹಿಕೆಯನ್ನು ಈ ಒಂದು ಸಂಗತಿಯೇ ಪ್ರಶ್ನಿಸುತ್ತದೆ.

ಎರಡು ಕಟ್ಟಡಗಳಲ್ಲಿ ಹಳೆಯದೆಂದು ಖ್ಯಾತವಾದುದು ಶಿವಾಜಿನಗರದ ಎಲ್ಗಿನ್ ಟಾಕೀಸ್. ಹಿಂದೆ ಬ್ಲಾಕ್‌ಪಲ್ಲಿ ಎಂದು ಕರೆಯಲಾಗುತ್ತಿದ್ದ ಈ ಬಡಾವಣೆ 1809ರಲ್ಲಿ ನೆಲೆಗೊಂಡ ಬ್ರಿಟಿಷ್ ದಂಡುಪ್ರದೇಶದ ಬೆನ್ನಿಗೆ ಬೆಳೆದದ್ದು. ದಂಡಿಗೆ ಬೇಕಾದ ಮಾಂಸ, ತರಕಾರಿ, ಬಟ್ಟೆ, ಕೂಲಿ ಎಲ್ಲವೂ ಇಲ್ಲಿಂದ ಒದಗುತ್ತಿದ್ದವು. ತಮಿಳು, ಉರ್ದು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಈ ಪ್ರದೇಶ 1947ರವರೆಗೆ ಮೈಸೂರು ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಪೇಟೆಯಲ್ಲಿ ರಾತ್ರಿಯ ರಂಜನೆಯೆಂದರೆ ಹರಿಕಥೆ, ಬಯಲಾಟ, ಕಂಪನಿ ನಾಟಕ. ದಂಡಿನಲ್ಲಿ ಅದರ ಜೊತೆಗೆ ಸೈನಿಕರ, ಆಂಗ್ಲೋ ಇಂಡಿಯನ್ನರ ಬಾಲ್ ನೃತ್ಯ, ವಾದ್ಯಗೋಷ್ಠಿ, ಪಾನಗೃಹಗಳಿದ್ದವು. ಜೋಡಿನೃತ್ಯದ ಸಭಾಂಗಣ ಎಂಬ ಕಲ್ಪನೆಯೇ ಬೆಂಗಳೂರಿಗೆ ದಂಡಿನ ಕೊಡುಗೆ.

ಸ್ಥಳೀಯ ಹೇಳಿಕೆಯ ಪ್ರಕಾರ ಎಲ್ಗಿನ್ 1896ರಲ್ಲಿ ಸ್ಥಾಪನೆಯಾದುದು. ಮೊದಲು ನೃತ್ಯ ನಾಟಕಗಳ ಸಭಾಂಗಣವಾಗಿದ್ದು, ಅನಂತರ ಮೂಕಿ ಚಿತ್ರಗಳಿಗೆ, ಆಮೇಲೆ ವಾಕ್ಚಿತ್ರಗಳಿಗೆ ತೆರೆದುಕೊಂಡಿತು. ಸುಲೋಚನಾ ಎಂಬ ಹೆಸರಿನಿಂದ ಪ್ರಸಿದ್ಧಳಾಗಿದ್ದ ರೂಬಿ ಮೈಯರ್ಸ್ ಅಭಿನಯದ ‘ಮಾಧುರಿ’ ಇಲ್ಲಿ ತೋರಿಸಿದ ಮೊದಲ ಟಾಕಿ ಎಂಬ ಮಾತೂ ಈ ಹೇಳಿಕೆಯ ಭಾಗ. ನಗರದ ಪತ್ರಿಕಾ ಲೇಖನಗಳು ಈ ವಿವರಗಳನ್ನು ಒಂದರಿಂದೊಂದು ಎತ್ತಿಕೊಂಡು, ಎಲ್ಗಿನ್ 1896ರಲ್ಲಿ ಕಟ್ಟಿದ ಬೆಂಗಳೂರಿನ ಮೊದಲ ಚಿತ್ರಮಂದಿರ ಎಂಬ ತೀರ್ಮಾನಕ್ಕೆ ಬಂದಿವೆ. ಈ ತೀರ್ಮಾನ ನಿಲ್ಲುವಂತಹುದಲ್ಲ. ಲ್ಯೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು 1896ರ ಜುಲೈ 7ರಂದು, ಮುಂಬಯಿಯ ವ್ಯಾಟ್ಸನ್ ಹೋಟೆಲಿನಲ್ಲಿ. ಅದೇ ವರ್ಷ ಬೆಂಗಳೂರಿನ ದಂಡಿನಲ್ಲಿ ಚಿತ್ರಪ್ರದರ್ಶನಕ್ಕೆಂದೇ ಕಟ್ಟಡ ಎದ್ದಿತೆಂಬುದನ್ನು ಒಪ್ಪುವುದು ಕಷ್ಟ. ಮುಂದಿನ ಹತ್ತು ಹದಿನೈದು ವರ್ಷಗಳ ಕಾಲ ಭಾರತದ ನಗರಗಳಲ್ಲಿ ಚಿತ್ರ ತೋರಿಸಲು ಬಳಕೆಯಾದದ್ದು ಗುಡಾರ, ಪುರಭವನ, ನಾಟಕಶಾಲೆಗಳು. ಬೆಂಗಳೂರು ಪೇಟೆಯ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದೇ 1905ರಲ್ಲಿ.

ಹಾಗೆಂದು ನೆನಪನ್ನು ತಳ್ಳಿಹಾಕುವುದೂ ಸರಿಯಲ್ಲ. ಮಂದಿರದ ಹೆಸರಿನಲ್ಲಿಯೇ ಎರಡು ಕಾಲಗಳು ಅಡಕವಾಗಿವೆ. ಒಂಬತ್ತನೆಯ ಅರ್ಲ್ ಎಲ್ಗಿನ್ ಭಾರತದ ವೈಸರಾಯ್ ಆಗಿದ್ದುದು 1894ರಿಂದ 1899ರವರೆಗೆ. ಅಧಿಕಾರದಲ್ಲಿರುವ ವೈಸರಾಯ್ ಹೆಸರನ್ನು ಸಾರ್ವಜನಿಕ ಕಟ್ಟಡಗಳಿಗೆ ಇಡುವುದು ದಂಡುಪ್ರದೇಶಗಳಲ್ಲಿ ವಾಡಿಕೆ. ಅವರು ಹಿಂದಿರುಗಿದ ಎಷ್ಟೋ ವರ್ಷಗಳ ಅನಂತರ ಹಾಗೆ ಹೆಸರಿಡುವುದು ಅಪರೂಪ. ಆದ್ದರಿಂದ ಆ ಹೆಸರಿನ ಸಭಾಂಗಣವೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದ್ದಿತೆಂಬ ಹೇಳಿಕೆ ಅಸಂಭವವೇನಲ್ಲ. ‘ಟಾಕೀಸ್’ ಎಂಬ ಉತ್ತರಪದವಾದರೋ 1931ರ ಮಾರ್ಚ್ 14ರಂದು ‘ಆಲಂ ಆರಾ’ ತೆರೆಕಂಡ ಮೇಲಿನದು. ‘ಮಾಧುರಿ’ 1932ರ ಚಿತ್ರ. ಹೇಳಿಕೆ ಇಲ್ಲಿ ಕಾಲಕ್ಕೆ ಹೊಂದುತ್ತದೆ. ಅಂದರೆ ಜನರ ನೆನಪು ಸಭಾಂಗಣದ ವಯಸ್ಸನ್ನೂ ನೃತ್ಯಶಾಲೆ ಚಿತ್ರಮಂದಿರವಾದ ಕ್ರಮವನ್ನೂ ಸರಿಯಾಗಿ ಹಿಡಿದಿದೆ; ನಡುವಣ ಮೂರು ದಶಕಗಳನ್ನು ಮಡಿಸಿಟ್ಟು ಎರಡು ತುದಿಗಳನ್ನು ಕೂಡಿಸಿದೆ. ‘ಮೊದಲ’ ಎಂಬ ವಿಶೇಷಣ ಈ ಮಡಿಕೆಯಿಂದ ಹುಟ್ಟಿದ್ದು. ಊರಿನ ಮೊದಲ ಶಾಲೆ, ಮೊದಲ ಗಿರಣಿ, ಮೊದಲ ಟಾಕೀಸು ಎಂಬಂತಹ ಹೇಳಿಕೆಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯಕರ್ತರು ಈ ಬಗೆಯ ಮಡಿಕೆಯನ್ನು ಎಲ್ಲೆಡೆ ಎದುರಿಸುತ್ತಾರೆ. ಅದನ್ನು ಸುಳ್ಳೆಂದು ಬದಿಗಿಡದೆ ಬಿಡಿಸಿ ನೋಡಿದರೆ ಉಪಯೋಗವಿದೆ.

ಎಲ್ಗಿನ್ ಕಟ್ಟಡ ಈಗ ಇಲ್ಲ. ಅದರ ಕುರಿತಾದ ನೆನಪುಗಳಲ್ಲಿ ನೃತ್ಯಶಾಲೆಯ ಕಾಲಕ್ಕೆ ಸಂಬಂಧಿಸಿದ ಪ್ರತ್ಯಕ್ಷ ಅನುಭವ ಸಹಜವಾಗಿಯೇ ಶೂನ್ಯ. ಅಲ್ಲಿ ಕುಣಿದವರು ಯಾರೆಂಬುದಿರಲಿ, ಅವರಿಗಾಗಿ ನೆಲ ಒರೆಸಿದವರು, ವಾದ್ಯ ನುಡಿಸಿದವರು ಯಾರೆಂಬುದೂ ಉಳಿದಿಲ್ಲ. ಉಳಿದಿರುವುದು ಸಂಜೆಯ ಟಿಕೆಟಿನ ಸಾಲು, ಮರದ ಬೆಂಚು, ಹಳೆಯ ಹಿಂದಿ ಚಿತ್ರಗಳ ಮರುಪ್ರದರ್ಶನ. ಮಾರುಕಟ್ಟೆಯ ಕೂಲಿಕಾರರು ಕೆಲಸ ಮುಗಿಸಿ ಬರುತ್ತಿದ್ದ ರಾತ್ರಿಯ ಎರಡನೆಯ ಆಟ. ದಂಡಿನ ಅಧಿಕಾರಿವರ್ಗದ ಕಟ್ಟಡವೆಂದು ಹೆಸರಾದುದು ತನ್ನ ಆಯುಷ್ಯದ ಬಹುಭಾಗವನ್ನು ಬಡವರ ಟಾಕೀಸಾಗಿ ಕಳೆಯಿತು. ಹಳೆಯ ಬೆಂಗಳೂರಿನ ವೈಭವವನ್ನು ಕುರಿತ ಬರವಣಿಗೆ ಇದರ ಮೊದಲ ಭಾಗವನ್ನು ಮೆರೆಸಿ ಎರಡನೆಯದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆಯಾಗಿದೆ. ಆಕರಗಳ ದೃಷ್ಟಿಯಿಂದ ನೋಡಿದರೆ ಈ ಪ್ರಮಾಣ ತಲೆಕೆಳಗಾದುದು.

ಮೆಜೆಸ್ಟಿಕ್‌ನ ವಿಷಯ ಬೇರೆ ಬಗೆಯದು. ಬೆಂಗಳೂರು ಪೇಟೆಯ ಪಶ್ಚಿಮಕ್ಕೆ, ರೈಲು ನಿಲ್ದಾಣದ ಎದುರು ಧರ್ಮಾಂಬುಧಿ ಎಂಬ ಕೆರೆ ಇತ್ತು. ನಗರ ನಿರ್ಮಾತೃ ಕೆಂಪೇಗೌಡರ ಹೆಸರಿನೊಂದಿಗೆ ಸಂಪ್ರದಾಯ ಅದನ್ನು ಜೋಡಿಸುತ್ತದೆ. ಪೇಟೆಗೆ ನೀರುಣಿಸುತ್ತಿದ್ದ ಈ ಕೆರೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಮಹತ್ವ ಕಳೆದುಕೊಂಡು ಕ್ರಮೇಣ ಬತ್ತಿತು. ಒಣಗಿದ ಕೆರೆಯಂಗಳ ಮೈದಾನವಾಯಿತು, ಸಭೆ ಪ್ರದರ್ಶನಗಳ ಸ್ಥಳವಾಯಿತು, ಕೊನೆಗೆ ಬಸ್ ನಿಲ್ದಾಣವಾಯಿತು. ಅದರ ಸಮೀಪ ಇದ್ದ ಮೆಜೆಸ್ಟಿಕ್ ಚಿತ್ರಮಂದಿರದ ಹೆಸರು ಮೊದಲು ಸುತ್ತಲಿನ ಬೀದಿಗಳಿಗೆ, ಅನಂತರ ನಿಲ್ದಾಣಕ್ಕೆ, ಮುಂದೆ ಇಡೀ ಪ್ರದೇಶಕ್ಕೆ ಹರಡಿತು. ನಿಲ್ದಾಣಕ್ಕೆ ಸರ್ಕಾರ ಇಟ್ಟ ಹೆಸರು ಕೆಂಪೇಗೌಡರದು. ನಗರ ಸಾರಿಗೆಯ ಫಲಕಗಳಲ್ಲಿ ಅದು ಕೆ.ಬಿ.ಎಸ್. ಎಂದು ಮೊಟಕಾಗಿದೆ. ನಿರ್ವಾಹಕರು ಕೂಗುವುದು ಮಾತ್ರ ಮೆಜೆಸ್ಟಿಕ್ ಎಂದೇ. 2016ರಲ್ಲಿ ಇಲ್ಲಿಯೇ ನೆಲದಡಿಯ ಮೆಟ್ರೋ ನಿಲ್ದಾಣ ತೆರೆದಾಗ ಎರಡು ಹೆಸರುಗಳೂ ಒಟ್ಟಿಗೆ ಫಲಕವೇರಿದವು: ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ಅಷ್ಟು ಹೊತ್ತಿಗೆ ಹೆಸರು ಕೊಟ್ಟ ಚಿತ್ರಮಂದಿರ ಕಣ್ಮರೆಯಾಗಿ ಬಹಳ ಕಾಲವಾಗಿತ್ತು. ಕೆರೆ ಕಟ್ಟಿಸಿದನೆಂದು ಹೇಳಲಾಗುವ ನಾಯಕನ ಹೆಸರೂ ಕೆರೆಯ ದಡದಲ್ಲಿ ಟಿಕೆಟು ಮಾರಿದ ಕೊಠಡಿಯ ಹೆಸರೂ ಒಂದೇ ಹಲಗೆಯ ಮೇಲೆ ಸಮನಾಗಿ ನಿಂತಿರುವ ಇನ್ನೊಂದು ಉದಾಹರಣೆ ರಾಜ್ಯದಲ್ಲಿ ಸಿಗುವುದು ಕಷ್ಟ. ಇವೆರಡರ ನಡುವೆ ಸೋತುಹೋದದ್ದು ಧರ್ಮಾಂಬುಧಿಯ ಹೆಸರು.

ಚಿತ್ರಮಂದಿರದ ಹೆಸರು ಇಷ್ಟು ಬಲವಾಗಿ ಬೇರೂರಲು ಕಾರಣ ಅದರ ಸ್ಥಾನ. ರೈಲಿನಿಂದಾಗಲಿ ಬಸ್ಸಿನಿಂದಾಗಲಿ ಇಳಿದ ಪರಸ್ಥಳದವರಿಗೆ ದಾರಿ ಹೇಳಲು ಎದ್ದುಕಾಣುವ ಗುರುತೊಂದು ಬೇಕಿತ್ತು. ಓದು ಬಾರದವರೂ ಗುರುತಿಸಬಹುದಾದ ದೊಡ್ಡ ಬಣ್ಣದ ಚಿತ್ರಫಲಕಗಳು ಟಾಕೀಸಿನ ಮುಂದಿರುತ್ತಿದ್ದವು. ಕರ್ನಾಟಕದ ಎಷ್ಟೋ ಪಟ್ಟಣಗಳಲ್ಲಿ ಹೀಗೆಯೇ ಟಾಕೀಸ್ ರಸ್ತೆ, ಟಾಕೀಸ್ ಚೌಕಗಳು ಹುಟ್ಟಿವೆ. ಟಾಕೀಸು ಹೋದರೂ ಆಟೋ ಚಾಲಕರ ನುಡಿಯಲ್ಲಿ ಅವು ಉಳಿದಿವೆ. ಸ್ಥಳನಾಮ ವಿಜ್ಞಾನದಲ್ಲಿ ನೀರು, ಮರ, ದೈವ, ಕುಲಗಳಿಂದ ಬಂದ ಹೆಸರುಗಳ ವರ್ಗೀಕರಣ ಬಹುಕಾಲದಿಂದ ನಡೆದಿದೆ. ರಂಜನಾಗೃಹಗಳಿಂದ ಬಂದ ಹೆಸರುಗಳಿಗೂ ಅಲ್ಲಿ ಒಂದು ವರ್ಗ ಸಲ್ಲಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೆಜೆಸ್ಟಿಕ್, ಪ್ಯಾರಾಮೌಂಟ್, ಪ್ಲಾಜಾ, ಗ್ಲೋಬ್ ಮುಂತಾದವು ಇಂಗ್ಲೆಂಡ್ ಅಮೆರಿಕಗಳ ಮಂದಿರಗಳಿಂದ ಎರವಲು ಬಂದ, ಹಲವು ಊರುಗಳಿಗೆ ಸಮಾನವಾದ ಹೆಸರುಗಳು. ‘ಆಲಂ ಆರಾ’ ಮೊದಲು ಪ್ರದರ್ಶನಗೊಂಡದ್ದು ಮುಂಬಯಿಯ ಗಿರಗಾಂವದ ಮೆಜೆಸ್ಟಿಕ್‌ನಲ್ಲಿ. ಆ ಮಂದಿರವೂ ಈಗಿಲ್ಲ. ಹೆಸರಿನ ಸಾಮ್ಯದಿಂದ ಒಂದೂರಿನ ಘಟನೆ ಇನ್ನೊಂದೂರಿನ ನೆನಪಿಗೆ ಅಂಟಿಕೊಳ್ಳುವ ಅಪಾಯ ಸದಾ ಇದೆ. ಇದೇ ರೀತಿ ಮೊದಲ ಕನ್ನಡ ವಾಕ್ಚಿತ್ರವನ್ನು ಮೆಜೆಸ್ಟಿಕ್ ಪ್ರದೇಶದೊಂದಿಗೆ ಜೋಡಿಸಿ ಮಾತನಾಡುವುದು ಸುಲಭ, ಏಕೆಂದರೆ ಕನ್ನಡ ಚಿತ್ರೋದ್ಯಮವೆಂದರೆ ಪಕ್ಕದ ಗಾಂಧಿನಗರವೆಂಬ ರೂಢಿ ಬೆಳೆದಿದೆ. ವೈ.ವಿ. ರಾವ್ ನಿರ್ದೇಶನದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಸಿಟಿ ಮಾರುಕಟ್ಟೆಯ ಸಮೀಪದ ಪ್ಯಾರಾಮೌಂಟ್‌ನಲ್ಲಿ. ಆ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ಚಿತ್ರವೇ ಇಲ್ಲದಿರುವಾಗ ಅದನ್ನು ತೋರಿಸಿದ ಸ್ಥಳದ ವಿವರಕ್ಕೆ ಎರಡು ಪಟ್ಟು ಬೆಲೆ ಬರುತ್ತದೆ.

ಕೆಂಪೇಗೌಡ ರಸ್ತೆ ಮತ್ತು ಅದರ ಆಸುಪಾಸಿನ ಸಾಗರ್, ಹಿಮಾಲಯ, ಗೀತಾ, ಅಲಂಕಾರ್, ಕಲ್ಪನಾ ಮುಂತಾದ ಮಂದಿರಗಳು ಒಂದೊಂದಾಗಿ ವ್ಯಾಪಾರ ಸಂಕೀರ್ಣಗಳಿಗೆ ಎಡೆಗೊಟ್ಟವು. ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾ ಮೆಟ್ರೋ ಕಾಮಗಾರಿಗೆ ಸಂದಿತು. ಸುಬೇದಾರ್ ಛತ್ರಂ ರಸ್ತೆಯ ಕಪಾಲಿಯನ್ನು 1968ರಲ್ಲಿ ಉದ್ಘಾಟಿಸಿದವರು ಅಂದಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿ. ಸಿನೆರಾಮಾ ಪ್ರದರ್ಶನಕ್ಕೆ ತಕ್ಕ ಬಾಗಿದ ಮಹಾಪರದೆಗೆ ಹೆಸರಾಗಿದ್ದ ಅದು 2017ರಲ್ಲಿ ಮುಚ್ಚಿ ನೆಲಸಮವಾಯಿತು. ಕಪಾಲಿಯ ಕೊನೆಯ ದಿನಗಳಲ್ಲಿ ಪ್ರಕಟವಾದ ನೆನಪುಗಳಲ್ಲಿ ಪರದೆಯ ಅಗಲ, ಶತದಿನೋತ್ಸವ, ನಟರ ಎತ್ತರದ ಕಟೌಟುಗಳ ಉಲ್ಲೇಖ ಹೇರಳ. ಅದರ ನೆರೆಯಲ್ಲಿಯೇ, ನಿರ್ಮಾಣದ ಹಂತದಲ್ಲಿದ್ದ ಗಂಗಾರಾಂ ಕಟ್ಟಡ 1983ರ ಸೆಪ್ಟೆಂಬರ್ 12ರಂದು ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತ ದುರಂತ ಅಷ್ಟಾಗಿ ನೆನಪಾಗುವುದಿಲ್ಲ. ಒಂದೇ ರಸ್ತೆ, ಒಂದೇ ತಲೆಮಾರು. ನಗರದ ಸ್ಮೃತಿ ತನಗೆ ಹಿತವಾದುದನ್ನು ಆಯ್ದುಕೊಂಡಿದೆ. ಸಂಶೋಧಕರಿಗೆ ಆ ಸೌಲಭ್ಯವಿಲ್ಲ.

ಆಯ್ಕೆಯ ಈ ಪ್ರಶ್ನೆ ರಾತ್ರಿ ಕ್ಲಬ್ಬುಗಳ ವಿಷಯದಲ್ಲಿ ಇನ್ನೂ ತೀವ್ರವಾಗುತ್ತದೆ. ದಂಡಿನ ಬಾಲ್ ನೃತ್ಯದ ಪರಂಪರೆ ಸ್ವಾತಂತ್ರ್ಯಾನಂತರ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳ ಹೋಟೆಲುಗಳಲ್ಲಿ ವಾದ್ಯತಂಡ, ಕ್ಯಾಬರೆ ನೃತ್ಯಗಳ ರೂಪದಲ್ಲಿ ಮುಂದುವರಿಯಿತು. ಕೊನೆಯ ದಶಕಗಳಲ್ಲಿ ಲೈವ್ ಬ್ಯಾಂಡ್ ಎಂಬ ಹೆಸರಿನಲ್ಲಿ ನಗರದ ಇತರ ಭಾಗಗಳಿಗೂ ಹಬ್ಬಿತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊತೆಕ್‌ಗಳನ್ನು ಪರವಾನಗಿಗೆ ಒಳಪಡಿಸಿ ಬೆಂಗಳೂರು ನಗರಕ್ಕೆ ಅನ್ವಯಿಸುವ ಆದೇಶ 2005ರಲ್ಲಿ ಹೊರಬಿದ್ದಿತು. ಅದನ್ನು ಸರ್ವೋಚ್ಚ ನ್ಯಾಯಾಲಯ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಚಿತ್ರಮಂದಿರದ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಹಿರಿಯರು ಕ್ಯಾಬರೆ ನೋಡಿದ ಬಗ್ಗೆ ಬಾಯಿ ಬಿಡುವುದು ವಿರಳ. ಬಿಟ್ಟರೂ ಅದು ಬೇರೆಯವರ ಕತೆಯಾಗಿರುತ್ತದೆ. ಅಲ್ಲಿ ಹಾಡಿದ, ಕುಣಿದ, ಬಡಿಸಿದ ಹೆಣ್ಣುಮಕ್ಕಳ ನೆನಪುಗಳನ್ನು ಸಂಗ್ರಹಿಸುವ ಪ್ರಯತ್ನ ಕನ್ನಡದಲ್ಲಿ ಅತ್ಯಲ್ಪ. ಪೊಲೀಸ್ ಕಡತ ಮತ್ತು ನ್ಯಾಯಾಲಯದ ತೀರ್ಪುಗಳಿಂದಷ್ಟೇ ಅವರ ಇತಿಹಾಸ ಬರೆಯುವುದಾದರೆ ಅವರು ಅಪರಾಧಿಗಳಾಗಿಯೋ ಅರ್ಜಿದಾರರಾಗಿಯೋ ಮಾತ್ರ ಕಾಣುತ್ತಾರೆ.

ಹಾಗಾದರೆ ಸ್ಥಳೀಯ ಸ್ಮೃತಿ ಯಾವ ವಿಷಯದಲ್ಲಿ ನೆಚ್ಚತಕ್ಕದ್ದು? ಕಟ್ಟಡದ ಒಳವಿನ್ಯಾಸದಲ್ಲಿ ಅದು ಬಹುಮಟ್ಟಿಗೆ ಖಚಿತವಾಗಿರುತ್ತದೆ. ಪರದೆಗೆ ಹತ್ತಿರದ ನೆಲ ಅಥವಾ ಬೆಂಚಿನ ಭಾಗಕ್ಕೆ ಗಾಂಧಿ ಕ್ಲಾಸ್ ಎಂಬ ಹೆಸರಿದ್ದುದು, ಹಿಂದೆ ಹೋದಂತೆ ದರ ಏರುತ್ತಿದ್ದುದು, ಬಾಲ್ಕನಿಗೆ ಬೇರೆ ಮೆಟ್ಟಿಲು ಇದ್ದುದು, ಹೆಂಗಸರಿಗೆ ಪ್ರತ್ಯೇಕ ಟಿಕೆಟ್ ಕಿಂಡಿ ಇದ್ದುದು ಇವೆಲ್ಲ ದೇಹವೇ ನೆನಪಿಟ್ಟುಕೊಂಡ ವಿವರಗಳು. ಹೈದರಾಬಾದು ಸಂಸ್ಥಾನದ ಪಟ್ಟಣಗಳಲ್ಲಿ ಗೋಷಾ ಸ್ತ್ರೀಯರಿಗೆಂದು ಜನಾನಾ ಭಾಗವಿರುತ್ತಿತ್ತು. ಚಿತ್ರ ಮೂಡುವ ಬಟ್ಟೆಗೂ ಹೆಂಗಸರನ್ನು ಮರೆಮಾಡುವ ಬಟ್ಟೆಗೂ ‘ಪರದೆ’ ಎಂಬ ಒಂದೇ ಮಾತು ಬಳಕೆಯಾದುದು ಕೇವಲ ಆಕಸ್ಮಿಕವೆಂದು ಬಿಟ್ಟುಬಿಡಬಹುದಾದರೂ, ಆ ಭಾಗದ ಹಿರಿಯ ಮಹಿಳೆಯರನ್ನು ಮಾತನಾಡಿಸುವವರಿಗೆ ಅದು ಒಳ್ಳೆಯ ಪ್ರವೇಶ. ಯಾರು ಯಾವ ಬಾಗಿಲಿನಿಂದ ಒಳಹೋದರು ಎಂಬ ಪ್ರಶ್ನೆಗೆ ಬರುವ ಉತ್ತರದಲ್ಲಿ ಊರಿನ ಜಾತಿ, ವರ್ಗ, ಲಿಂಗ ವ್ಯವಸ್ಥೆಗಳು ಎದ್ದುಕಾಣುತ್ತವೆ. ಇಸವಿ, ಮಾಲೀಕತ್ವ, ‘ಮೊದಲು’ ಎಂಬ ಹಕ್ಕುಗಳಲ್ಲಿ ಮಾತ್ರ ನೆನಪಿಗೆ ದಾಖಲೆಯ ಬೆಂಬಲ ಬೇಕೇ ಬೇಕು.

ದಾಖಲೆಗಳು ಇಲ್ಲದಿಲ್ಲ. ಚಿತ್ರಪ್ರದರ್ಶನ 1918ರ ಕಾಯಿದೆಯಿಂದಲೇ ಪರವಾನಗಿಗೆ ಒಳಪಟ್ಟಿತ್ತು. ಏಕೀಕರಣದ ನಂತರ ಭಿನ್ನ ಪ್ರಾಂತಗಳಿಗೆ ಭಿನ್ನ ನಿಯಮಗಳಿದ್ದುದನ್ನು ಹೋಗಲಾಡಿಸಿ 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಸಿನಿಮಾ ನಿಯಂತ್ರಣ ಕಾಯಿದೆ ಬಂದಿತು. ಅದರಡಿಯ ನಿಯಮಗಳು 1971ರವು. ಕಾಯಂ ಮಂದಿರಗಳಿಗಷ್ಟೇ ಅಲ್ಲದೆ ಊರಿಂದೂರಿಗೆ ಗುಡಾರ ಹೊತ್ತು ತಿರುಗುತ್ತಿದ್ದ ಟೂರಿಂಗ್ ಟಾಕೀಸುಗಳಿಗೂ ಪರವಾನಗಿ ಕಡ್ಡಾಯವಾಗಿತ್ತು. ಅರ್ಜಿಯೊಂದಿಗೆ ನಿವೇಶನದ ನಕ್ಷೆ, ಆಸನಗಳ ಸಂಖ್ಯೆ, ಬಾಗಿಲುಗಳ ಸ್ಥಾನ, ವಿದ್ಯುತ್ ಸುರಕ್ಷತೆಯ ಪ್ರಮಾಣಪತ್ರಗಳನ್ನು ಸಲ್ಲಿಸಬೇಕಿತ್ತು. ಕೆಡವಿದ ಮಂದಿರವೊಂದರ ನೆಲನಕ್ಷೆ ಇಂತಹ ಕಡತದಲ್ಲಿ ದೊರೆತರೆ, ಮುದುಕರು ಬೆರಳಿನಿಂದ ಗಾಳಿಯಲ್ಲಿ ಬಿಡಿಸಿ ತೋರಿಸುವ ನಕ್ಷೆಯೊಂದಿಗೆ ಅದನ್ನು ಹೋಲಿಸಿ ನೋಡಬಹುದು. ತೊಂದರೆಯೆಂದರೆ, ಕಟ್ಟಡ ನೆಲಸಮವಾಗಿ ಪರವಾನಗಿ ರದ್ದಾದ ಮೇಲೆ ಕಡತಕ್ಕೆ ಆಡಳಿತದ ದೃಷ್ಟಿಯಲ್ಲಿ ಉಪಯೋಗವಿಲ್ಲ. ಅವಧಿ ಮೀರಿದ ಕಡತಗಳನ್ನು ವಿಲೇವಾರಿ ಮಾಡುವ ಕ್ರಮಕ್ಕೆ ಅದೂ ಒಳಗಾಗುತ್ತದೆ. ಏಕಪರದೆಯ ಮಂದಿರಗಳು ವರ್ಷವರ್ಷವೂ ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಇಟ್ಟಿಗೆಯ ಜೊತೆಗೆ ಕಾಗದವೂ ಹೋಗುತ್ತಿದೆ.

ಗುರುಮಠಕಲ್ ಮತ್ತು ಆಸುಪಾಸಿನ ಊರುಗಳ ರಂಜನಾಗೃಹಗಳ ಇತಿಹಾಸವನ್ನು ಬರೆಯಲು ಹೊರಡುವವರು ಮೂರು ಕಡೆ ಹುಡುಕಬೇಕಾಗುತ್ತದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಪರವಾನಗಿಗಳ ಜಾಡು ಕಲಬುರಗಿಯ ಜಿಲ್ಲಾಡಳಿತಕ್ಕೆ ಕರೆದೊಯ್ಯುತ್ತದೆ. 1948ರ ಹಿಂದಿನದು ಉರ್ದುವಿನಲ್ಲಿದ್ದು, ನಿಜಾಮ ಸರ್ಕಾರದ ದಫ್ತರಗಳು ಹೈದರಾಬಾದಿನ ಪತ್ರಾಗಾರದಲ್ಲಿವೆ. ಕನ್ನಡದ ಸಂಶೋಧಕರಲ್ಲಿ ಆ ಬರಹವನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಮೂರನೆಯದು, ಊರಿನಲ್ಲಿ ಉಳಿದಿರುವ ಎಂಬತ್ತು ದಾಟಿದ ಹಿರಿಯರು. ಟೂರಿಂಗ್ ಟಾಕೀಸಿನ ಗುಡಾರ ಯಾವ ಬಯಲಿನಲ್ಲಿ ಏಳುತ್ತಿತ್ತು, ಹೆಂಗಸರ ಬದಿ ಯಾವುದು, ಎರಡನೆಯ ಆಟ ಬಿಟ್ಟ ಮೇಲೆ ಹಳ್ಳಿಗಳಿಗೆ ಹಿಂದಿರುಗುವ ಬಂಡಿಗಳು ಎಲ್ಲಿ ನಿಲ್ಲುತ್ತಿದ್ದವು ಎಂಬುದನ್ನು ಕಡತ ಹೇಳುವುದಿಲ್ಲ, ಅವರು ಹೇಳುತ್ತಾರೆ. ಕಡತದ ಹುಡುಕಾಟ ಮುಂದಿನ ವರ್ಷಕ್ಕೆ ಕಾಯಬಹುದಾದರೂ ಅವರ ಮಾತನ್ನು ಈ ಬೇಸಿಗೆಯಲ್ಲಿಯೇ ಬರೆದುಕೊಳ್ಳಬೇಕಾಗಿದೆ.